ತೂಕ ಇಳಿಸುವ ಇಂಜೆಕ್ಷನ್: ಆನ್‌ಲೈನ್‌ನಲ್ಲಿ ಡಾಕ್ಟರನ್ನು ಕಾಣುವುದು ಹೇಗೆ?

ಮೂಡಿಗೆರೆ, ಕೊಪ್ಪ, ಕಳಸದ ಕಡೆಯವರು ಹಾರ್ಮೋನ್ ತಜ್ಞರನ್ನು ಕಾಣಬೇಕೆಂದರೆ ಸಾಮಾನ್ಯವಾಗಿ ಮಂಗಳೂರಿಗೋ ಬೆಂಗಳೂರಿಗೋ ಹೊರಡುತ್ತಾರೆ. ಬೆಳಗಿನ ಜಾವದ ಬಸ್ಸು, ಟೋಕನ್ ಹಿಡಿದು ಕಾಯುವುದು, ಡಾಕ್ಟರ ಮುಂದೆ ಹತ್ತು ನಿಮಿಷ, ಮನೆ ಸೇರುವಾಗ ರಾತ್ರಿ. ತೋಟದ ಕೆಲಸವೂ ಹೋಯಿತು, ದುಡ್ಡೂ ಹೋಯಿತು. ಮಳೆಗಾಲದಲ್ಲಿ ಘಾಟಿ ರಸ್ತೆ ಬಂದ್ ಆದರಂತೂ ಹೋಗುವ ಮಾತೇ ಇಲ್ಲ. ಅದಕ್ಕೇ ಮೊಬೈಲ್‌ನಲ್ಲಿ ಡಾಕ್ಟರನ್ನು ಕಾಣುವ ಅನುಕೂಲ ಚಿಕ್ಕಮಗಳೂರು ಜಿಲ್ಲೆಯವರಿಗೆ ದೊಡ್ಡ ಉಪಕಾರವೇ ಸರಿ.

ಈಗ ತೂಕ ಇಳಿಸುವ ಹೊಸ ಇಂಜೆಕ್ಷನ್‌ಗಳ ಬಗ್ಗೆ ಎಲ್ಲರೂ ವಿಚಾರಿಸುತ್ತಿದ್ದಾರೆ. ಇವನ್ನೂ ಆನ್‌ಲೈನ್‌ನಲ್ಲೇ ಬರೆಸಿಕೊಳ್ಳಬಹುದಾ ಅನ್ನುವುದು ಮೊದಲ ಪ್ರಶ್ನೆ. ಸರಿಯಾದ ಕ್ರಮದಲ್ಲಿ ಹೋದರೆ ತಜ್ಞರ ಸಲಹೆಯನ್ನು ಮನೆಯಿಂದಲೇ ಪಡೆಯಬಹುದು. ಆದರೆ ಮೈ ಮುಟ್ಟಿ ನೋಡುವ ತಪಾಸಣೆ, ರಕ್ತ ಪರೀಕ್ಷೆ ಇವನ್ನು ಬಿಟ್ಟು ನೇರವಾಗಿ ಮದ್ದಿಗೆ ಹಾರಬೇಡಿ. ಅವೆರಡನ್ನೂ ನಿಮ್ಮ ಊರಲ್ಲೇ ಮಾಡಿಸಿಕೊಳ್ಳಬಹುದು.

ಯಾವುದು ಈ ಮದ್ದು

ಮುಖ್ಯವಾಗಿ ಎರಡು ಹೆಸರು ಕೇಳಿರುತ್ತೀರಿ. ಒಂದು ಸೆಮಾಗ್ಲುಟೈಡ್. ತೂಕಕ್ಕೆಂದೇ ಇದು ವೆಗೋವಿ ಎಂಬ ಹೆಸರಲ್ಲಿ 2025ರ ಜೂನ್‌ನಲ್ಲಿ ಭಾರತಕ್ಕೆ ಬಂತು. ಇನ್ನೊಂದು ಟಿರ್ಜೆಪಟೈಡ್, ಅಂದರೆ ಮೌಂಜಾರೊ. ಅದು 2025ರ ಮಾರ್ಚ್‌ನಲ್ಲಿ ಬಂತು. ಎರಡನ್ನೂ ವಾರಕ್ಕೊಮ್ಮೆ ಚರ್ಮದಡಿ ಚುಚ್ಚಿಕೊಳ್ಳಬೇಕು. ಹಸಿವು ಕಡಿಮೆಯಾಗುತ್ತದೆ, ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ, ಸ್ವಲ್ಪ ತಿಂದರೂ ಸಾಕೆನಿಸುತ್ತದೆ. 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಸೆಮಾಗ್ಲುಟೈಡ್ ತಗೊಂಡವರ ತೂಕ 68 ವಾರಗಳಲ್ಲಿ ಸರಾಸರಿ ಶೇ 15ರಷ್ಟು ಇಳಿದಿತ್ತು. ಅವರಿಗೆ ಊಟ, ವ್ಯಾಯಾಮದ ಮಾರ್ಗದರ್ಶನವೂ ಜೊತೆಗಿತ್ತು ಅನ್ನುವುದನ್ನು ಮರೆಯಬೇಡಿ.

ಎರಡಕ್ಕೂ ಡಾಕ್ಟರ ಚೀಟಿ ಬೇಕೇ ಬೇಕು. ಮದುವೆಗೆ ಮುಂಚೆ ನಾಲ್ಕು ಕೆ.ಜಿ. ಇಳಿಸಿಕೊಳ್ಳೋಣ ಅನ್ನುವವರಿಗಲ್ಲ ಇದು.

ಮೊದಲ ಕೆಲಸ ಊರಲ್ಲೇ

ಅಪಾಯಿಂಟ್‌ಮೆಂಟ್ ಬುಕ್ ಮಾಡುವ ಮೊದಲು ನಿಮ್ಮ ಲೆಕ್ಕ ನಿಮಗೆ ಗೊತ್ತಿರಲಿ. ತೂಕವನ್ನು ಕೆ.ಜಿ.ಯಲ್ಲಿ, ಎತ್ತರವನ್ನು ಮೀಟರ್‌ನಲ್ಲಿ ಬರೆದುಕೊಳ್ಳಿ. ಎತ್ತರವನ್ನು ಎತ್ತರದಿಂದಲೇ ಗುಣಿಸಿ, ಬಂದ ಸಂಖ್ಯೆಯಿಂದ ತೂಕವನ್ನು ಭಾಗಿಸಿದರೆ ಬಿಎಂಐ ಸಿಗುತ್ತದೆ. 78 ಕೆ.ಜಿ. ತೂಕ, 1.58 ಮೀಟರ್ ಎತ್ತರ ಇರುವವರಿಗೆ ಅದು ಸುಮಾರು 31. ಈ ಮದ್ದುಗಳನ್ನು ಸಾಮಾನ್ಯವಾಗಿ ಬಿಎಂಐ 30 ಅಥವಾ ಅದಕ್ಕಿಂತ ಜಾಸ್ತಿ ಇದ್ದವರಿಗೆ ಬರೆಯುತ್ತಾರೆ. ಶುಗರ್, ಬಿಪಿ, ಕೊಲೆಸ್ಟರಾಲ್ ಥರದ ತೊಂದರೆ ಜೊತೆಗಿದ್ದರೆ 27ರಿಂದಲೇ ಯೋಚಿಸುತ್ತಾರೆ.

ಸೊಂಟದ ಅಳತೆಯೂ ಬೇಕು. ನಮ್ಮವರಲ್ಲಿ ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ಜಾಸ್ತಿ ಅಲ್ವಾ? ಟೈಲರ್ ಟೇಪು ತಗೊಂಡು, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಸುತ್ತಿ, ಉಸಿರು ಬಿಟ್ಟು ಅಳೆಯಿರಿ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ. ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರ ಬೇಕು.

ಆಮೇಲೆ ನಿಮ್ಮನ್ನು ನೋಡುವ ಊರಿನ ಡಾಕ್ಟರ ಬಳಿಗೋ ತಾಲ್ಲೂಕು ಆಸ್ಪತ್ರೆಗೋ ಹೋಗಿ. ಬಿಪಿ ನೋಡಿಸಿ, ಕುತ್ತಿಗೆ, ಹೊಟ್ಟೆ ಮುಟ್ಟಿ ನೋಡಲಿ. ತೂಕ ಹೆಚ್ಚಲು ಬೇರೆ ಕಾರಣ ಇದೆಯಾ ಅಂತ ಕೇಳಿ. ಥೈರಾಯ್ಡ್ ಕಡಿಮೆ ಇದ್ದರೆ, ಸ್ಟಿರಾಯ್ಡ್ ಮಾತ್ರೆ ನುಂಗುತ್ತಿದ್ದರೆ, ಮನೋರೋಗದ ಕೆಲವು ಮದ್ದು ತಗೊಳ್ಳುತ್ತಿದ್ದರೆ ತೂಕ ಏರುವುದುಂಟು. ಲ್ಯಾಬ್‌ನಲ್ಲಿ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಕೊಲೆಸ್ಟರಾಲ್, ಕಿಡ್ನಿಗೆ ಕ್ರಿಯಾಟಿನಿನ್, ಲಿವರ್ ಪರೀಕ್ಷೆ, ಥೈರಾಯ್ಡ್‌ಗೆ ಟಿಎಸ್‌ಎಚ್ ಮಾಡಿಸಿ. ರಿಪೋರ್ಟುಗಳ ಫೋಟೊ ಬೆಳಕಿನಲ್ಲಿ, ನೇರವಾಗಿ ತೆಗೆದಿಟ್ಟುಕೊಳ್ಳಿ. ಮಡಚಿದ ಹಾಳೆಯ ಮಸುಕು ಫೋಟೊ ಕಳಿಸಿದರೆ ಅತ್ತ ಕಡೆ ಡಾಕ್ಟರಿಗೆ ಏನೂ ಕಾಣುವುದಿಲ್ಲ.

ಯಾರನ್ನು ಬುಕ್ ಮಾಡಬೇಕು

ಹಾರ್ಮೋನ್ ತಜ್ಞರು, ಅಂದರೆ ಎಂಡೋಕ್ರಿನಾಲಜಿಸ್ಟ್, ಇಲ್ಲವೇ ಎಂ.ಡಿ. ಮೆಡಿಸಿನ್ ಮಾಡಿದ ಫಿಸಿಶಿಯನ್. ದೊಡ್ಡ ಆಸ್ಪತ್ರೆಗಳ ವೆಬ್‌ಸೈಟ್‌ನಲ್ಲೇ ವಿಡಿಯೊ ಅಪಾಯಿಂಟ್‌ಮೆಂಟ್ ಸಿಗುತ್ತದೆ. ಅದರಲ್ಲೂ ಬೇಕಾದರೆ ಮುಂದೆ ಒಮ್ಮೆ ಹೋಗಿ ಕಾಣಲು ಸಾಧ್ಯವಿರುವ ಊರಿನ ಡಾಕ್ಟರನ್ನೇ ಆರಿಸಿಕೊಳ್ಳಿ ಅನ್ನುವುದು ನನ್ನ ಸಲಹೆ. ದಿಲ್ಲಿಯಲ್ಲಿ ಕೂತವರು ಎಷ್ಟೇ ಒಳ್ಳೆಯವರಾದರೂ, ವಾಂತಿ ನಿಲ್ಲದ ದಿನ ಅವರಿಂದ ನಿಮಗೇನು ಪ್ರಯೋಜನ?

ದುಡ್ಡಿನ ತೊಂದರೆ ಇದ್ದವರು ಸರ್ಕಾರದ ಇ-ಸಂಜೀವಿನಿ ಎಂಬ ಆನ್‌ಲೈನ್ ಸೇವೆಯಿಂದ ಶುರು ಮಾಡಬಹುದು. ಇದು ಉಚಿತ. ಮೊಬೈಲ್ ನಂಬರ್ ಕೊಟ್ಟರೆ ಒಟಿಪಿ ಬರುತ್ತದೆ, ಸರದಿ ಬಂದಾಗ ಡಾಕ್ಟರ್ ವಿಡಿಯೊದಲ್ಲಿ ಸಿಗುತ್ತಾರೆ. ನನಗೆ ಇಂಥ ಮದ್ದು ಬೇಕಾ, ಮೊದಲು ಯಾವ ಪರೀಕ್ಷೆ ಮಾಡಿಸಲಿ ಅಂತ ಕೇಳುವುದಕ್ಕೆ ಇದು ಒಳ್ಳೆಯ ದಾರಿ.

ಡಾಕ್ಟರ ಹೆಸರು, ಓದು, ನೋಂದಣಿ ಸಂಖ್ಯೆ ಮೂರೂ ಪರದೆಯ ಮೇಲೆ ಕಾಣಬೇಕು. ಇಲ್ಲದಿದ್ದರೆ ದುಡ್ಡು ಕಟ್ಟಬೇಡಿ. 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲಿ ಈ ವಿಷಯ ಸ್ಪಷ್ಟವಾಗಿದೆ. ಡಾಕ್ಟರ್ ಯಾರೆಂದು ನಿಮಗೆ ಗೊತ್ತಿರಬೇಕು, ನೀವು ಯಾರೆಂದು ಅವರಿಗೆ ಗೊತ್ತಿರಬೇಕು. ಫೀಸಿಗೆ ರಸೀದಿ ಕೊಡಬೇಕು. ಹೊಸ ರೋಗಿಗೆ ವಿಡಿಯೊ ಇಲ್ಲದೆ ಬರೆಯಬಹುದಾದದ್ದು ಪ್ಯಾರಾಸಿಟಮಾಲ್, ಓಆರ್‌ಎಸ್ ಥರದ ಮಾಮೂಲಿ ಮದ್ದು ಮಾತ್ರ. ಕಂಪ್ಯೂಟರ್ ತಾನಾಗಿಯೇ ಮದ್ದು ಬರೆಯುವಂತಿಲ್ಲ ಅಂತಲೂ ಅದರಲ್ಲೇ ಇದೆ. ಹಾಗಾಗಿ ಆ್ಯಪ್ ಒಂದಷ್ಟು ಪ್ರಶ್ನೆ ಕೇಳಿ, 'ನೀವು ಅರ್ಹರು' ಅಂತ ತೋರಿಸಿ, ಇಂಜೆಕ್ಷನ್ ಬುಟ್ಟಿಗೆ ಹಾಕಲು ಹೇಳಿದರೆ ಅಲ್ಲಿಂದ ಹೊರಬನ್ನಿ. ಡಾಕ್ಟರ ಮುಖ ಕಾಣದೆ ಈ ಮದ್ದು ಬೇಡ.

ಮೊದಲ ಸಲವೇ ವಿಡಿಯೊದಲ್ಲಿ ಇಂಜೆಕ್ಷನ್ ಬರೆಯಲು ಒಪ್ಪದೆ, 'ಒಂದು ಸಲ ಬಂದು ಹೋಗಿ' ಅನ್ನುವ ಡಾಕ್ಟರೂ ಇರುತ್ತಾರೆ. ಬೇಸರ ಮಾಡಿಕೊಳ್ಳಬೇಡಿ. ಹಾಗೆ ಹೇಳುವವರನ್ನು ನಾನಂತೂ ಹೆಚ್ಚು ನಂಬುತ್ತೇನೆ. ಒಂದು ಸಲ ಹೋಗಿ ಬಂದರೆ ಮುಂದಿನ ಭೇಟಿಗಳು ವಿಡಿಯೊದಲ್ಲೇ ಸಲೀಸಾಗಿ ನಡೆಯುತ್ತವೆ.

ವಿಡಿಯೊ ಕರೆಯ ದಿನ

ಎಸ್ಟೇಟ್ ಒಳಗೆ ನೆಟ್‌ವರ್ಕ್ ನಂಬುವಂತಿಲ್ಲ. ಸಿಗ್ನಲ್ ಸಿಗುವ ಜಾಗವನ್ನು ಹಿಂದಿನ ದಿನವೇ ನೋಡಿಟ್ಟುಕೊಳ್ಳಿ. ಈಗ ನುಂಗುವ ಮಾತ್ರೆಗಳ ಸ್ಟ್ರಿಪ್ ಎಲ್ಲವೂ ಕೈಯಲ್ಲಿರಲಿ. 'ಬಿಳಿ ಮಾತ್ರೆ, ಬೆಳಿಗ್ಗೆ ಒಂದು' ಅಂದರೆ ಡಾಕ್ಟರಿಗೆ ಗೊತ್ತಾಗುವುದಿಲ್ಲ, ಸ್ಟ್ರಿಪ್‌ನ್ನೇ ಕ್ಯಾಮೆರಾಗೆ ಹಿಡಿಯಿರಿ.

ಕೆಲವು ವಿಷಯ ಅವರು ಕೇಳದಿದ್ದರೂ ನೀವೇ ಹೇಳಬೇಕು. 'ಡಾಕ್ಟ್ರೇ, ನಮ್ಮಮ್ಮನಿಗೆ ಕುತ್ತಿಗೆ ಗಂಟಿನ ಆಪರೇಷನ್ ಆಗಿತ್ತು' ಅನ್ನುವ ಒಂದು ಮಾತು ಬಹಳ ಮುಖ್ಯ. ಮೆಡುಲ್ಲರಿ ಎಂಬ ಥೈರಾಯ್ಡ್ ಕ್ಯಾನ್ಸರ್ ನಿಮಗೋ ಮನೆಯವರಿಗೋ ಬಂದಿದ್ದರೆ ಈ ಮದ್ದು ಕೊಡುವುದಿಲ್ಲ. ಆ ಹಳೇ ರಿಪೋರ್ಟು ಟ್ರಂಕಿನಲ್ಲಿದ್ದರೆ ಹುಡುಕಿ ತೆಗೆಯಿರಿ. ಮಾಮೂಲಿ ಥೈರಾಯ್ಡ್ ಮಾತ್ರೆ ತಗೊಳ್ಳುವವರು ಸುಮ್ನೆ ಹೆದರಬೇಕಿಲ್ಲ, ಅದು ಬೇರೆ.

ಹಿಂದೆ ಮೇದೋಜೀರಕ ಗ್ರಂಥಿಯ ಊತ, ಅಂದರೆ ಪ್ಯಾಂಕ್ರಿಯಾಟೈಟಿಸ್ ಆಗಿದ್ದರೆ, ಪಿತ್ತಕೋಶದಲ್ಲಿ ಕಲ್ಲಿದ್ದರೆ ಹೇಳಿ. ಕುಡಿಯುವ ಅಭ್ಯಾಸ ಇದ್ದರೆ ಮುಚ್ಚಿಡಬೇಡಿ. ಶುಗರ್‌ಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತಗೊಳ್ಳುತ್ತಿದ್ದರೆ ಅದರ ಡೋಸ್ ಇಳಿಸಬೇಕಾಗಬಹುದು, ಇಲ್ಲದಿದ್ದರೆ ಶುಗರ್ ತೀರಾ ಕೆಳಗೆ ಹೋಗುವ ಅಪಾಯವಿದೆ. ಗರ್ಭಿಣಿಯರಿಗೆ ಈ ಮದ್ದು ಬೇಡ. ಮಗು ಬೇಕೆಂದುಕೊಂಡಿದ್ದರೆ ಸೆಮಾಗ್ಲುಟೈಡನ್ನು ಕನಿಷ್ಠ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಟಿರ್ಜೆಪಟೈಡ್ ತಗೊಳ್ಳುವಾಗ ಗರ್ಭನಿರೋಧಕ ಮಾತ್ರೆಯ ಪರಿಣಾಮ ಕಡಿಮೆಯಾಗಬಹುದು. ಇದನ್ನು ಕೇಳಲು ಹೆಣ್ಣುಮಕ್ಕಳು ಸಂಕೋಚಪಡುತ್ತಾರೆ. ವಿಡಿಯೊ ಕರೆಯಲ್ಲಿ ಅತ್ತೆ ಮಾವ ಪಕ್ಕದಲ್ಲಿ ಕೂರುವುದು ಬೇಡ ಅಂತ ಮೊದಲೇ ಹೇಳಿ, ಬಾಗಿಲು ಹಾಕಿಕೊಂಡು ಮಾತಾಡಿ.

ಕರೆ ಮುಗಿಯುವ ಮೊದಲು ಎರಡು ಪ್ರಶ್ನೆ ಕೇಳಿ. ಎಷ್ಟು ಕಾಲ ತಗೊಳ್ಳಬೇಕು? ನಿಲ್ಲಿಸಿದ ಮೇಲೆ ಏನು ಮಾಡಬೇಕು? ಮದ್ದು ಬಿಟ್ಟ ಒಂದು ವರ್ಷದಲ್ಲಿ, ಇಳಿದ ತೂಕದ ಸುಮಾರು ಮೂರನೇ ಎರಡರಷ್ಟು ಮರಳಿ ಬಂದದ್ದು ಅದೇ ಸೆಮಾಗ್ಲುಟೈಡ್ ಅಧ್ಯಯನದ ಮುಂದುವರಿಕೆಯಲ್ಲಿ ಕಂಡಿದೆ.

ಚೀಟಿ, ಬೆಲೆ, ಕೊಳ್ಳುವುದು

ಚೀಟಿಯಲ್ಲಿ ಡಾಕ್ಟರ ಸಹಿ, ನೋಂದಣಿ ಸಂಖ್ಯೆ, ತಾರೀಕು, ನಿಮ್ಮ ಹೆಸರು, ವಯಸ್ಸು, ಮದ್ದಿನ ಹೆಸರು, ಡೋಸ್, ಎಷ್ಟು ವಾರ ಎಂಬುದು ಇರಬೇಕು. ಡೋಸ್ ಸಣ್ಣದರಿಂದ ಶುರುವಾಗುತ್ತದೆ. ವೆಗೋವಿ ಮೊದಲ ನಾಲ್ಕು ವಾರ 0.25 ಮಿಲಿಗ್ರಾಂ, ಮೌಂಜಾರೊ 2.5 ಮಿಲಿಗ್ರಾಂ. ಮೊದಲ ದಿನವೇ ದೊಡ್ಡ ಡೋಸ್ ಬರೆದಿದ್ದರೆ ಯಾಕೆಂದು ಕೇಳಿ.

ಖರ್ಚು ಲೆಕ್ಕ ಹಾಕಿಯೇ ಕಾಲಿಡಿ. ಮೌಂಜಾರೊ ಬಂದ ಹೊಸತರಲ್ಲಿ 2.5 ಮಿಲಿಗ್ರಾಂನ ಒಂದು ವಯಲ್‌ಗೆ (ವಾರಕ್ಕೊಂದು ಪುಟ್ಟ ಸೀಸೆ) 3,500 ರೂಪಾಯಿ ಇತ್ತು, ಅಂದರೆ ನಾಲ್ಕು ವಾರಕ್ಕೆ 14,000. ಸೆಮಾಗ್ಲುಟೈಡ್‌ನ ಪೇಟೆಂಟ್ ಅವಧಿ ಭಾರತದಲ್ಲಿ 2026ರ ಮಾರ್ಚ್‌ವರೆಗಷ್ಟೇ. ಪೇಟೆಂಟ್ ಮುಗಿದ ಮೇಲೆ ಬೇರೆ ಕಂಪನಿಗಳೂ ಅದನ್ನು ತಯಾರಿಸಬಹುದು. ಹಾಗಾಗಿ ಇಂದಿನ ಬೆಲೆಯನ್ನು ಅಂಗಡಿಯಲ್ಲೇ ಕೇಳಿ, ಅದೇ ಮದ್ದು ಬೇರೆ ಹೆಸರಲ್ಲಿ ಅಗ್ಗಕ್ಕೆ ಸಿಕ್ಕರೆ ಬದಲಿಸಬಹುದಾ ಅಂತ ಡಾಕ್ಟರನ್ನು ವಿಚಾರಿಸಿ.

ಚಿಕ್ಕಮಗಳೂರಿನ ದೊಡ್ಡ ಮೆಡಿಕಲ್ ಶಾಪ್‌ನಲ್ಲಿ ಹೇಳಿ ತರಿಸಿಕೊಳ್ಳುವುದೇ ಒಳ್ಳೆಯದು. ಈ ಮದ್ದು ಫ್ಯಾಕ್ಟರಿಯಿಂದ ನಿಮ್ಮ ಕೈಗೆ ಬರುವವರೆಗೂ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಕೊರಿಯರ್ ಕಚೇರಿಯ ಮೂಲೆಯಲ್ಲಿ ಎರಡು ದಿನ ಬಿದ್ದ ಪೊಟ್ಟಣದ ಕತೆ ಯಾರಿಗೆ ಗೊತ್ತು? ಜಿಮ್‌ನವರು, ಇನ್‌ಸ್ಟಾಗ್ರಾಂನವರು ಕೊಡುವ ಬಿಡಿ ಸೀಸೆಗಳನ್ನು ಮುಟ್ಟಲೇಬೇಡಿ. ನಕಲಿ ಸೆಮಾಗ್ಲುಟೈಡ್ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2024ರ ಜೂನ್‌ನಲ್ಲೇ ಎಚ್ಚರಿಸಿದೆ. ಬಿಲ್ ತಗೊಳ್ಳಿ, ಬ್ಯಾಚ್ ನಂಬರ್ ನೋಡಿ.

ಮನೆಯಲ್ಲಿ ಫ್ರಿಜ್ಜಿನ ನಡುವಿನ ತಟ್ಟೆಯಲ್ಲಿಡಿ. ಫ್ರೀಜರ್ ಪಕ್ಕ ಬೇಡ. ಒಮ್ಮೆ ಹೆಪ್ಪುಗಟ್ಟಿದರೆ ಕರಗಿಸಿ ಬಳಸುವಂತಿಲ್ಲ, ಎಸೆಯಬೇಕು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋದರೆ ಗಾಬರಿ ಬೇಡ. ಹೊರಗೆ ಎಷ್ಟು ದಿನ, ಎಷ್ಟು ಡಿಗ್ರಿಯವರೆಗೆ ಇಡಬಹುದು ಅನ್ನುವುದು ಡಬ್ಬಿಯೊಳಗಿನ ಹಾಳೆಯಲ್ಲಿದೆ. ಒಂದೊಂದು ಮದ್ದಿಗೆ ಒಂದೊಂದು ಲೆಕ್ಕ.

ಶುರುವಾದ ಮೇಲೆ

ಹೊಟ್ಟೆ, ತೊಡೆ ಅಥವಾ ತೋಳಿನ ಮೇಲ್ಭಾಗದಲ್ಲಿ ಚುಚ್ಚಬೇಕು. ಹೊಟ್ಟೆಯಾದರೆ ಹೊಕ್ಕುಳಿಂದ ಎರಡು ಇಂಚು ದೂರ. ಪ್ರತಿ ವಾರ ಜಾಗ ಬದಲಿಸಿ. ಮೊದಲ ಸಲ ಊರಿನ ನರ್ಸ್ ಅಮ್ಮನವರ ಹತ್ತಿರ ಮಾಡಿಸಿಕೊಂಡು ಕಲಿಯಿರಿ. ಗಂಡ ಹೆಂಡತಿ ಒಂದೇ ಇಂಜೆಕ್ಷನ್ ಪೆನ್ ಹಂಚಿಕೊಳ್ಳುವುದು ಬೇಡ, ಸೂಜಿ ಬದಲಿಸಿದರೂ ಸೋಂಕಿನ ಅಪಾಯವಿದೆ.

ವಾಕರಿಕೆ, ಮಲಬದ್ಧತೆ, ಭೇದಿ ಆರಂಭದಲ್ಲಿ ಸಾಮಾನ್ಯ. ತಟ್ಟೆ ತುಂಬ ಬಡಿಸಿಕೊಳ್ಳದೆ ಸ್ವಲ್ಪ ಸ್ವಲ್ಪ ತಿನ್ನಿ, ಎಣ್ಣೆ ಜಿಡ್ಡು ಕಡಿಮೆ ಮಾಡಿ, ನೀರು ಚೆನ್ನಾಗಿ ಕುಡಿಯಿರಿ. ಹಸಿವಿಲ್ಲವೆಂದು ಬರೀ ಕಾಫಿಯಲ್ಲಿ ದಿನ ಕಳೆದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಮೊಟ್ಟೆ, ಮೀನು, ಮೊಳಕೆ ಕಾಳು, ಬೇಳೆ ತಪ್ಪದೆ ಇರಲಿ. ಒಂದು ವಾರ ಮರೆತರೆ ಮುಂದಿನ ವಾರ ಎರಡು ಡೋಸ್ ಒಟ್ಟಿಗೆ ಬೇಡ, ಡಾಕ್ಟರನ್ನು ಕೇಳಿ.

ಹೊಟ್ಟೆಯಲ್ಲಿ ಶುರುವಾಗಿ ಬೆನ್ನಿಗೆ ಹರಿಯುವ ಜೋರು ನೋವು, ನಿಲ್ಲದ ವಾಂತಿ, ಕಣ್ಣು ಹಳದಿಯಾಗುವುದು ಕಂಡರೆ ವಿಡಿಯೊ ಕರೆಗೆ ಕಾಯಬೇಡಿ. ಇಂಜೆಕ್ಷನ್ ನಿಲ್ಲಿಸಿ, ಹತ್ತಿರದ ಆಸ್ಪತ್ರೆಗೆ ಹೋಗಿ, ಡಬ್ಬಿಯನ್ನೂ ಕೊಂಡೊಯ್ಯಿರಿ. ಬೇರೆ ಯಾವುದೇ ಆಪರೇಷನ್ ಇದ್ದರೆ ಅರಿವಳಿಕೆ ಕೊಡುವ ಡಾಕ್ಟರಿಗೆ ಈ ಮದ್ದಿನ ವಿಷಯ ಮೊದಲೇ ತಿಳಿಸಿ.

ಮುಂದಿನ ವಿಡಿಯೊ ಭೇಟಿಗೆ ವಾರವಾರದ ತೂಕ, ಬಿಪಿ, ಶುಗರ್ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಡೋಸ್ ಏರಿಸುವುದು, ಅಲ್ಲೇ ನಿಲ್ಲಿಸುವುದು ಡಾಕ್ಟರ ತೀರ್ಮಾನ. ಬಳಸಿದ ಸೂಜಿಗಳನ್ನು ಕಸದ ಬುಟ್ಟಿಗೋ ತೋಟದ ಗುಂಡಿಗೋ ಎಸೆಯದೆ, ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿ ಮಾಡಿ. ಡಬ್ಬಿ ತುಂಬಿದಾಗ ಅದನ್ನು ತಗೊಳ್ಳುತ್ತಾರಾ ಅಂತ ನೀವು ಹೋಗುವ ಆಸ್ಪತ್ರೆಯಲ್ಲಿ ವಿಚಾರಿಸಿ ಕೊಟ್ಟುಬನ್ನಿ.