ಕೃಷ್ಣೆ–ತುಂಗಭದ್ರೆಯರ ನಡುವಿನ ನಾಡನ್ನು ಕಾರಿನಲ್ಲಿ ಸುತ್ತಲು ಆರು ದಿನಗಳ ಯೋಜನೆ

ವಿಜಯನಗರದ ಅರಸರು ಒಂದು ಕಡೆಯಿಂದಲೂ ಬಹಮನಿ ಮತ್ತು ಆದಿಲ್‌ಶಾಹಿ ಸುಲ್ತಾನರು ಇನ್ನೊಂದು ಕಡೆಯಿಂದಲೂ ಎರಡು ಶತಮಾನಗಳ ಕಾಲ ಯಾವ ನೆಲಕ್ಕಾಗಿ ಕಾದಾಡಿದರೋ, ಆ ರಾಯಚೂರು ದೋಆಬ್ ಇಂದು ಬಹುಪಾಲು ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳಲ್ಲಿ ಹಂಚಿಹೋಗಿದೆ. ಎರಡು ಹೊಳೆಗಳೇ ಗಡಿಯಾಗಿರುವ ಈ ಸೀಮೆಯನ್ನು ಒಂದು ಪುಟ್ಟ ದೇಶವೆಂದೇ ಎಣಿಸಿ, ಬಳ್ಳಾರಿಯಿಂದ ಹೊರಟು ಬಳ್ಳಾರಿಗೇ ಮರಳುವಂತೆ ಸುತ್ತುವುದು ಹೇಗೆಂಬುದನ್ನು ಇಲ್ಲಿ ವಿವರಿಸಿದ್ದೇನೆ. ಒಟ್ಟು ದಾರಿ ಸುಮಾರು 600 ಕಿಲೋಮೀಟರು. ಕೇವಲ ಚಕ್ರ ಉರುಳಿಸುವುದಾದರೆ ಎರಡು ದಿನ ಸಾಕು. ನೋಡುವುದಕ್ಕೆ ಆರು ದಿನ ಬೇಕು.

ಈ ಸೀಮೆಯಲ್ಲಿ ಪ್ರವಾಸವನ್ನು ಕಿಲೋಮೀಟರುಗಳ ಲೆಕ್ಕದಲ್ಲಿ ಹಾಕಬಾರದು, ಬಿಸಿಲಿನ ಲೆಕ್ಕದಲ್ಲಿ ಹಾಕಬೇಕು. ಇಲ್ಲಿ ನೋಡಬೇಕಾದದ್ದೆಲ್ಲ ಬಂಡೆಯ ಮೇಲೆಯೋ ಕೋಟೆಯ ಬಯಲಿನಲ್ಲೋ ಕಲ್ಲುಹಾಸಿನ ಪ್ರಾಂಗಣದಲ್ಲೋ ಇದೆ. ಆದ್ದರಿಂದ ದಿನವೊಂದಕ್ಕೆ ಬೆಳಿಗ್ಗೆ ಒಂದು, ಸಂಜೆ ಒಂದು, ಹೀಗೆ ಎರಡು ಮುಖ್ಯ ಸ್ಥಳಗಳನ್ನು ಮಾತ್ರ ಇಟ್ಟುಕೊಂಡು, ಮಧ್ಯಾಹ್ನ ಹನ್ನೆರಡರಿಂದ ಮೂರೂವರೆಯವರೆಗಿನ ಹೊತ್ತನ್ನು ಊಟಕ್ಕೂ ವಿಶ್ರಾಂತಿಗೂ ಕಾರಿನ ಪಯಣಕ್ಕೂ ಬಿಡಿ. ನಾನು ಮೊದಲ ಸಲ ಕನಕಗಿರಿಗೆ ಹೋದದ್ದು ನಡುಮಧ್ಯಾಹ್ನ. ಗುಡಿಯ ಬಾಗಿಲು ಹಾಕಿತ್ತು. ಬರಿಗಾಲಲ್ಲಿ ಪ್ರಾಂಗಣ ದಾಟಿದ ಮಕ್ಕಳ ಅಂಗಾಲು ಸುಟ್ಟು, ಅವರು ಸಂಜೆಯವರೆಗೆ ನರಳಿದರು. ಅಂದಿನಿಂದ ನನ್ನ ಯಾವ ಯೋಜನೆಯಲ್ಲೂ ಮಧ್ಯಾಹ್ನದ ದರ್ಶನಕ್ಕೆ ಜಾಗವಿಲ್ಲ.

ಹೊರಡಲು ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಉತ್ತಮ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ಆಗ ಬರಲೇಬೇಡಿ. ದಿನಾಂಕ ಗೊತ್ತುಮಾಡುವ ಮೊದಲು ಪಂಚಾಂಗವನ್ನೂ ಒಮ್ಮೆ ತಿರುವಿಹಾಕಿ. ಪುಷ್ಯ ಮಾಸದಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಡಿಸೆಂಬರಿನಲ್ಲಿ ಹನುಮಮಾಲೆ ಧರಿಸಿದವರು ಆನೆಗುಂದಿ ಬಳಿಯ ಅಂಜನಾದ್ರಿ ಬೆಟ್ಟಕ್ಕೆ ಬರುತ್ತಾರೆ. ಹುಣ್ಣಿಮೆಯಂದು ಮುನಿರಾಬಾದ್ ಬಳಿಯ ಹುಲಿಗೆಮ್ಮನ ಗುಡಿಯ ದಾರಿ ತುಂಬಿರುತ್ತದೆ. ಜಾತ್ರೆಯನ್ನೇ ನೋಡುವ ಆಸೆಯಿದ್ದರೆ ಇವೆಲ್ಲ ಭಾಗ್ಯದ ದಿನಗಳು, ಇಲ್ಲದಿದ್ದರೆ ಲಾಡ್ಜಿನಲ್ಲಿ ಕೋಣೆ ಸಿಗದ ದಿನಗಳು.

ಹಂಪಿಯನ್ನು ಈ ಸುತ್ತಿನಲ್ಲಿ ಸೇರಿಸಬೇಡಿ. ಅದು ಹೊಳೆಯ ಆಚೆ ದಡದ್ದು, 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದ್ದು; ಅದನ್ನು ಒಂದು ಮಧ್ಯಾಹ್ನದಲ್ಲಿ ತುರುಕಿದರೆ ಹಂಪಿಗೂ ಅನ್ಯಾಯ, ಉಳಿದ ಊರುಗಳಿಗೂ ಅನ್ಯಾಯ.

ವಾಹನದ ವಿಷಯದಲ್ಲಿ ಸಿದ್ಧತೆ ಸರಳ. ಟಯರುಗಳನ್ನೂ ಸ್ಟೆಪ್ನಿಯನ್ನೂ ಕೂಲಂಟನ್ನೂ ಬಳ್ಳಾರಿಯಲ್ಲೇ ಪರೀಕ್ಷಿಸಿಕೊಂಡು, ತಾಲ್ಲೂಕು ಕೇಂದ್ರಗಳಲ್ಲಿ ಇಂಧನ ತುಂಬಿಸುತ್ತಾ ಹೋಗಿ. ಮಳೆ ಬಿದ್ದಾಗ ಡಾಂಬರು ಬಿಟ್ಟು ಎರೆಭೂಮಿಗೆ ಚಕ್ರ ಇಳಿಸಬೇಡಿ, ಆ ಕರಿಮಣ್ಣು ಹಿಡಿದ ಕಾರನ್ನು ಟ್ರ್ಯಾಕ್ಟರೇ ಬಂದು ಎಳೆಯಬೇಕಾಗುತ್ತದೆ. ಬಾಡಿಗೆ ಕಾರಾದರೆ ಇನ್ನೊಂದು ಎಚ್ಚರ ಬೇಕು: ರಾಯಚೂರಿನಿಂದ ಬಳ್ಳಾರಿಗೆ ಮೊಬೈಲ್ ನಕ್ಷೆ ಆದೋನಿಯ ದಾರಿಯನ್ನು ತೋರಿಸಬಹುದು, ಅದು ಆಂಧ್ರಪ್ರದೇಶದ ಒಳಗೆ ಹಾದುಹೋಗುತ್ತದೆ. ಹಳದಿ ಬೋರ್ಡಿನ ವಾಹನಕ್ಕೆ ಅಲ್ಲಿ ಪರವಾನಗಿಯ ಪ್ರಶ್ನೆ ಬರುವುದರಿಂದ, ಆಂಧ್ರದೊಳಗಿನ ಮಂತ್ರಾಲಯಕ್ಕೆ ಹೋಗುವ ಉದ್ದೇಶವಿದ್ದರೆ ಚಾಲಕರೊಂದಿಗೆ ಮೊದಲೇ ಮಾತನಾಡಿಕೊಳ್ಳಿ.

ಮೊದಲ ದಿನ ಬೆಳಿಗ್ಗೆ ಆರಕ್ಕೆ ಬಳ್ಳಾರಿ ಬಿಟ್ಟರೆ, ಹೊಸಪೇಟೆಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು, ಮುನಿರಾಬಾದಿನ ದಾರಿಯಾಗಿ ಒಂಬತ್ತರ ಹೊತ್ತಿಗೆ ಕೊಪ್ಪಳ ಸೇರಬಹುದು. ತಿರುಳ್ಗನ್ನಡದ, ಎಂದರೆ ಅಚ್ಚ ಕನ್ನಡದ, ನಾಡಿನ ಒಂದು ಗುರುತಾಗಿ ಒಂಬತ್ತನೆಯ ಶತಮಾನದಲ್ಲೇ ಹೆಸರಾಗಿದ್ದ ಕೊಪಣನಗರ ಇದು. ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಕಿರು ಬಂಡೆಶಾಸನಗಳಿವೆ. ಪಾಲ್ಕಿಗುಂಡು ಎಂದರೆ ಪಲ್ಲಕ್ಕಿಯಂತೆ ಎರಡು ಗುಂಡುಗಳ ಮೇಲೆ ಚಪ್ಪಡಿ ಹೊದ್ದ ಬಂಡೆ. ಅದರ ನೆರಳಿನಲ್ಲೇ ಅಕ್ಷರಗಳಿವೆ. ಇಳಿಬಿಸಿಲಿನಲ್ಲಿ ಕೋಟೆ ಹತ್ತಿ, ರಾತ್ರಿ ಅಲ್ಲೇ ತಂಗಿ. ಮರುದಿನ ನಸುಕಿನಲ್ಲಿ ಇಟಗಿಗೆ ಹೊರಡಿ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ, ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದ ಗುಡಿ ಅದು. ಪೂರ್ವಕ್ಕೆ ಮುಖ ಮಾಡಿರುವುದರಿಂದ ಬೆಳಗಿನ ಎಳೆಬಿಸಿಲು ಮಂಟಪದ ಕಂಬಗಳ ಮೇಲೆ ಬೀಳುವಾಗ ನೀವು ಅಲ್ಲಿರಬೇಕು. ಸಮೀಪದ ಕುಕನೂರಿನಲ್ಲಿ ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿಯನ್ನು ನೋಡಿ ಮರಳುವಾಗ ಕಿನ್ನಾಳಕ್ಕೆ ತಿರುಗಿದರೆ, ಹಗುರ ಮರದಲ್ಲಿ ಗೊಂಬೆ ಕೆತ್ತಿ ಬಣ್ಣ ಹಾಕುವ ಮನೆಗಳು ಸಿಗುತ್ತವೆ. ಸಂಜೆಗೆ ಗಂಗಾವತಿ ತಲುಪಿ.

ಗಂಗಾವತಿಯಲ್ಲಿ ಎರಡು ರಾತ್ರಿ ಉಳಿಯಲು ಹೇಳುವುದು ಹಿರೇಬೆಣಕಲ್ಲಿಗಾಗಿ. ಈ ಇಡೀ ಸುತ್ತಿನಲ್ಲಿ ಒಂದೇ ಸ್ಥಳ ಆರಿಸಿಕೊಳ್ಳಲು ಯಾರಾದರೂ ಕೇಳಿದರೆ ನಾನು ಹಿಂದೆಮುಂದೆ ನೋಡದೆ ಇದನ್ನೇ ಹೇಳುತ್ತೇನೆ. ಊರಿನಿಂದ ಸುಮಾರು ಹತ್ತು ಕಿಲೋಮೀಟರು ದೂರದ ಹಳ್ಳಿಯಲ್ಲಿ ಕಾರು ನಿಲ್ಲಿಸಿ ಗುಡ್ಡ ಹತ್ತಬೇಕು. ಮೇಲೆ ಸುಮಾರು ನಾನೂರು ಶಿಲಾಸಮಾಧಿಗಳು, ನಿಲುವುಗಲ್ಲು ಚಪ್ಪಡಿಗಳಿಂದ ಕಟ್ಟಿದ ಪುಟ್ಟ ಮನೆಗಳಂತೆ, ಕೆಲವಕ್ಕೆ ಗುಂಡನೆಯ ಕಿಂಡಿಯೂ ಇದ್ದು, ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲದಿಂದ ನಿಂತಿವೆ. ಜನ ಇದನ್ನು ಮೊರೇರ ಬೆಟ್ಟ ಎನ್ನುತ್ತಾರೆ. 2021ರಲ್ಲಿ ಇದು ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದೆ. ಎತ್ತರದ ಬಂಡೆಯ ಮೇಲೆ ಕೂತ ಒಂದು ನಗಾರಿಗಲ್ಲನ್ನು ಬಡಿದರೆ ನಗಾರಿಯಂತೆಯೇ ದನಿ ಕೊಡುತ್ತದೆ. ಹತ್ತಿ ನೋಡಿ ಇಳಿಯಲು ಅರ್ಧ ದಿನ ಬೇಕು. ಬೆಳಕು ಮೂಡಿದ ಕೂಡಲೇ ಹೊರಡಿ, ತಲೆಗೆ ಎರಡು ಲೀಟರ್ ನೀರು ಇಟ್ಟುಕೊಳ್ಳಿ, ಬೂಟು ಹಾಕಿಕೊಳ್ಳಿ. ಹಳ್ಳಿಯವರೊಬ್ಬರನ್ನು ಕೂಲಿ ಕೊಟ್ಟು ಜೊತೆಗೆ ಕರೆದುಕೊಳ್ಳುವುದನ್ನು ತಪ್ಪಿಸಬೇಡಿ. ಕಾಲುದಾರಿ ಬಂಡೆಗಳ ನಡುವೆ ಕವಲೊಡೆಯುತ್ತದೆ, ಈ ಗುಡ್ಡಗಳಲ್ಲಿ ಕರಡಿಗಳೂ ಇವೆ. ಸಮಾಧಿಯ ಕಲ್ಲುಗಳ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳದಂತೆ ಮಕ್ಕಳಿಗೆ ಮೊದಲೇ ತಿಳಿಹೇಳಿ. ನಗಾರಿಗಲ್ಲನ್ನೂ ಅಂಗೈಯಷ್ಟು ಪುಟ್ಟ ಕಲ್ಲಿನಿಂದ ಮೆಲ್ಲಗೆ ತಟ್ಟಿದರೆ ಸಾಕು. ಸಂಜೆ ಆನೆಗುಂದಿಯ ಹೊಳೆದಂಡೆಯಲ್ಲಿ ಸುಮ್ಮನೆ ಕೂರಿ. ಕಾಲಲ್ಲಿ ಇನ್ನೂ ಕಸುವಿದ್ದರೆ ಮಾತ್ರ ಅಂಜನಾದ್ರಿಯ 575 ಮೆಟ್ಟಿಲು ಹತ್ತಿ.

ಮೂರೇ ದಿನ ರಜೆ ಇರುವವರು ಇಲ್ಲಿಂದ ಕಂಪ್ಲಿ ಸೇತುವೆ ದಾಟಿ, ಕುರುಗೋಡಿನ ದೊಡ್ಡಬಸವೇಶ್ವರನನ್ನು ನೋಡಿ ಬಳ್ಳಾರಿಗೆ ಮರಳಬಹುದು. ಮಳೆಗಾಲದಲ್ಲಿ ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಈ ಸೇತುವೆ ಮುಳುಗಿ ಸಂಚಾರ ನಿಲ್ಲುವುದರಿಂದ, ಹೊರಡುವ ಮುನ್ನ ಹೊರಹರಿವಿನ ಸುದ್ದಿ ಕೇಳಿಕೊಳ್ಳಿ.

ನಾಲ್ಕನೆಯ ದಿನ ಕನಕಗಿರಿ. ‘ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು’ ಎಂಬ ಮಾತನ್ನು ಹುಟ್ಟಿಸಿದ ಕನಕಾಚಲಪತಿಯ ಗುಡಿಯನ್ನು ಹತ್ತು ಗಂಟೆಯೊಳಗೆ ನೋಡಿ, ಊರಿನ ವೆಂಕಟಪತಿ ಬಾವಿಯ ಮೆಟ್ಟಿಲ ಸಾಲನ್ನೂ ನೋಡಿ, ತಾವರಗೇರಾ ಮೂಲಕ ಮುದಗಲ್ಲಿಗೆ ಸಾಗಿ. ಮುದಗಲ್ ಕೋಟೆಯ ಕಂದಕವೂ ಜೋಡಿ ಗೋಡೆಗಳೂ ಇಳಿಹೊತ್ತಿನ ಬೆಳಕಿಗೆ ಕಾಯುವಷ್ಟು ಚೆಲುವಾಗಿವೆ. ಈ ಊರಿನ ಮೊಹರಂ ನಾಡಿನಲ್ಲೇ ಹೆಸರುವಾಸಿ. ಆ ದಿನಗಳಲ್ಲಿ ಬಂದರೆ ಕಾರನ್ನು ಊರ ಹೊರಗೇ ಬಿಡಬೇಕಾಗುತ್ತದೆ. ರಾತ್ರಿಗೆ ಲಿಂಗಸುಗೂರು ಅನುಕೂಲ. ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಪುಡಿ, ಮೊಸರು ಸಿಕ್ಕರೆ ಬೇರೇನನ್ನೂ ಹುಡುಕಬೇಡಿ.

ಐದನೆಯ ದಿನ ಬೆಳಿಗ್ಗೆ ಮಸ್ಕಿ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರೊಬ್ಬರ ಕಣ್ಣಿಗೆ ಬಿದ್ದ ಈ ಬಂಡೆಯ ಮೇಲೆ ‘ದೇವಾನಾಂಪಿಯ’ (ದೇವತೆಗಳಿಗೆ ಪ್ರಿಯ) ಎಂಬ ಬಿರುದಿನ ಜೊತೆಗೆ ‘ಅಸೋಕ’ ಎಂಬ ಹೆಸರೇ ಇತ್ತು. ದೇಶದುದ್ದಕ್ಕೂ ಬಿರುದಷ್ಟೇ ಇದ್ದ ಶಾಸನಗಳು ಯಾರವು ಎಂಬುದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು ಇಲ್ಲಿ. ಕೊಪ್ಪಳದ ಶಾಸನಗಳನ್ನು ಮೊದಲು ನೋಡಿ ಬಂದವರಿಗೆ ಈ ಸಂಗತಿಯ ತೂಕ ಚೆನ್ನಾಗಿ ತಿಳಿಯುತ್ತದೆ, ಅದಕ್ಕಾಗಿಯೇ ಈ ಕ್ರಮ. ಊಟದ ಹೊತ್ತಿಗೆ ರಾಯಚೂರು ಸೇರಿ, ಸಂಜೆ ಬಸ್ ನಿಲ್ದಾಣದ ಹತ್ತಿರದ ಕೋಟೆಗೋಡೆಯಲ್ಲಿ 1294ರ ಶಾಸನ ಹೊತ್ತ, ನಲವತ್ತು ಅಡಿಗೂ ಉದ್ದದ ಕಲ್ಲನ್ನು ಹುಡುಕಿ. ಆ ಕಲ್ಲನ್ನು ಬಂಡಿಯಲ್ಲಿ ಎಳೆದು ತಂದ ಬಗೆಯನ್ನೂ ಗೋಡೆಯಲ್ಲೇ ಕೆತ್ತಿದ್ದಾರೆ. 1520ರಲ್ಲಿ ಕೃಷ್ಣದೇವರಾಯ ಗೆದ್ದುಕೊಂಡದ್ದು ಈ ಕೋಟೆಯನ್ನೇ.

ಕೊನೆಯ ದಿನ ಬಹಮನಿ ಕಾಲದ ಏಕ್ ಮಿನಾರ್ ಮಸೀದಿಯನ್ನು ನೋಡಿ, ಮಾನ್ವಿ, ಸಿಂಧನೂರುಗಳ ಭತ್ತದ ಬಯಲಿನ ನಡುವೆ ಸಾಗಿ, ದಢೇಸುಗೂರಿನ ಬಳಿ ತುಂಗಭದ್ರೆ ದಾಟಿದರೆ ಸಿರುಗುಪ್ಪ ಸೀಮೆ. ಹೊತ್ತು ಉಳಿದಿದ್ದರೆ ಹೊಳೆದಂಡೆಯ ನಿಟ್ಟೂರಿಗೆ ದಾರಿ ಕೇಳಿಕೊಂಡು ಹೋಗಿ, ಅಲ್ಲಿನ ಶಾಸನದಲ್ಲೂ ಅಶೋಕನ ಹೆಸರಿದೆ. ಕೊಯ್ಲಿನ ದಿನಗಳಲ್ಲಿ ಈ ರಸ್ತೆಯ ಒಂದು ಮಗ್ಗುಲಿಗೆ ಭತ್ತ ಒಣಹಾಕಿ ಸುತ್ತ ಕಲ್ಲು ಜೋಡಿಸಿರುತ್ತಾರೆ, ಹಿಂಬದಿಯ ದೀಪವಿಲ್ಲದ ಟ್ರೇಲರುಗಳೂ ಓಡಾಡುತ್ತಿರುತ್ತವೆ. ಆದ್ದರಿಂದ ಸಿರುಗುಪ್ಪವನ್ನು ನಾಲ್ಕು ಗಂಟೆಗೇ ಬಿಟ್ಟು, ದೀಪ ಹಚ್ಚುವ ಹೊತ್ತಿಗೆ ಬಳ್ಳಾರಿಯೊಳಗೆ ಇರಿ.