ತೋಟದಲ್ಲೇ ಕಾಡುಮರದ ಬೀಜ ಮಾಡ್ಕೊಳ್ಳೋದು ಹೇಗೆ

ಕೊಡಗಲ್ಲಿ ಕಾಫಿಗೆ ನೆರಳು ಬೇಕು ಅಂತ ಎಲ್ಲ ಕಡೆ ಸಿಲ್ವರ್ ಓಕ್ ನೆಟ್ಟಿದೀವಿ, ಅದು ಆಸ್ಟ್ರೇಲಿಯಾ ಮರ, ಬೇಗ ಬೆಳೆಯುತ್ತೆ ನಿಜ, ಆದ್ರೆ ನಮ್ಮ ಕಾಡುಮರಗಳಾದ ಹೊನ್ನೆ, ಬೀಟೆ, ನಂದಿ, ನೇರಳೆ ಹೀಗೇ ಕಮ್ಮಿ ಆಗ್ತಾ ಹೋದ್ರೆ ಮುಂದೆ ಬೀಜಕ್ಕೇ ಪರದಾಡ್ಬೇಕು. ಬೇಲಿ ಸಾಲಲ್ಲಿ, ತೋಡಿನ ಪಕ್ಕ ಒಂದೊಂದು ಜಾತೀದು ನಾಲ್ಕಾರು ಗಿಡ ಈಗ್ಲೇ ನೆಡಿ. ಎಲ್ಲ ಸಸಿ ಒಂದೇ ಮರದ ಬೀಜದ್ದು ಆಗ್ಬಾರ್ದು, ದೂರ ದೂರ ಇರೋ ಹಲವು ಮರದಿಂದ ಆರಿಸಿ ಬೆರೆಸಿ. ಭಾಗಮಂಡಲದ ಮಳೆಗೆ ಒಗ್ಗಿದ ಮರದ ಬೀಜ ಮಳೆ ಕಮ್ಮಿ ಇರೋ ಕುಶಾಲನಗರಕ್ಕೆ ಯಾಕೆ, ಹತ್ರದ್ದೇ ಒಳ್ಳೇದು.

ಬೀಜದ ಸ್ವಭಾವ ತಿಳ್ಕೊಳ್ಳೋದೇ ದೊಡ್ಡ ಕೆಲ್ಸ. ಹಲಸು, ನೇರಳೆ, ಧೂಪದ ಮರದ ಬೀಜ ಒಣಗಿದ್ರೆ ಸತ್ತೋಗುತ್ತೆ, ಡಬ್ಬೀಲಿ ಇಡೋ ಮಾತೇ ಇಲ್ಲ, ತಿರುಳು ತೊಳೆದು ಕೂಡ್ಲೇ ಮಣ್ಣು ತುಂಬಿದ ಸಸಿ ಪಾಕೆಟ್‌ಗೆ ಹಾಕಿ. ನೇರಳೇಲಿ ಒಂದೇ ಬೀಜದಿಂದ ಎರಡು ಮೂರು ಮೊಳಕೆ ಬರೋದುಂಟು, ನೋಡೋಕೇ ಖುಷಿ, ಗಟ್ಟಿ ಇರೋದನ್ನ ಉಳಿಸ್ಕೊಳ್ಳಿ. ಹೊನ್ನೆ ಬೇರೆ ಥರ, ಅದ್ರ ಕಾಯಿ ದುಂಡಗೆ ಸುತ್ತ ರೆಕ್ಕೆ ಇಟ್ಕೊಂಡಿರುತ್ತೆ, ಕಂದು ಬಣ್ಣಕ್ಕೆ ತಿರುಗಿದ್ಮೇಲೆ ಬೇಸಿಗೇಲಿ ಆರಿಸಿ, ನೆರಳಲ್ಲಿ ಒಣಗ್ಸಿ, ಬಟ್ಟೆ ಚೀಲದಲ್ಲಿಟ್ಟು ಹೆಸ್ರು, ಜಾಗ, ತಾರೀಖು ಬರೆದಿಡಿ, ಬಿತ್ತೋ ಮುಂಚೆ ರೆಕ್ಕೆ ಕತ್ತರಿಸಿ ರಾತ್ರಿ ನೀರಲ್ಲಿ ನೆನೆಸಿ.

ಮರದಲ್ಲಿರೋದೆಲ್ಲ ಬಳಿಬೇಡಿ, ಹಕ್ಕಿ ಅಳಿಲಿಗೂ ಬೇಕಲ್ವಾ. ದೇವರಕಾಡು, ರಿಸರ್ವ್ ಫಾರೆಸ್ಟಲ್ಲಂತೂ ಕೇಳ್ದೆ ಕೈ ಹಾಕಲೇಬೇಡಿ. ಸಸಿ ಒಂದೂವರೆ ಅಡಿ ಆದ್ಮೇಲೆ ಜೂನ್ ಮಳೆ ಹಿಡಿದಾಗ ನೆಡಿ, ಮೊದಲೆರಡು ಬೇಸಿಗೆ ಬುಡಕ್ಕೆ ತರಗೆಲೆ ಹೊದಿಸಿ.