ಏರಿನಲ್ಲಿ ಏದುಸಿರು ಬೇಡ: ಕೊಡಗಿನಲ್ಲಿದ್ದೇ ಟ್ರಯಥ್ಲಾನ್ ತಯಾರಿ

1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, ಅದರ ಮೇಲೆ 21.1 ಕಿ.ಮೀ. ಓಟ. ಇದು ಹಾಫ್ ಐರನ್‌ಮ್ಯಾನ್ ಎಂಬ ಟ್ರಯಥ್ಲಾನ್. 2019ರಲ್ಲಿ ಗೋವಾದಲ್ಲಿ ಶುರುವಾದ ಮೇಲೆ ಇದಕ್ಕಾಗಿ ವಿದೇಶಕ್ಕೆ ಹೋಗಬೇಕಾಗಿಲ್ಲ. ತೋಟದ ಏರು ಹತ್ತಿಳಿದು ಬೆಳೆದ ಕಾಲಿಗೆ ಶಕ್ತಿ ಕಮ್ಮಿಯಿಲ್ಲ. ಆದರೆ ಇಲ್ಲಿ ಮನೆ ಗೇಟು ದಾಟಿದರೆ ಏರು ಇಲ್ಲವೇ ಇಳಿಜಾರು. ಹಗುರವಾಗಿ ಮುಗಿಸಬೇಕಾದ ಅಭ್ಯಾಸವೂ ದಿನಾ ಜಿದ್ದಿನ ಅಭ್ಯಾಸವಾಗುತ್ತದೆ. ಮಂಡಿ ಹಿಡಿದುಕೊಂಡು ಕೂರುವವರಲ್ಲಿ ಹೆಚ್ಚಿನವರು ಕೆಡುವುದು ಇಲ್ಲೇ.

ನಿಲ್ಲದೆ 5 ಕಿ.ಮೀ. ಓಟ, 30 ಕಿ.ಮೀ. ಸೈಕಲ್, 200 ಮೀಟರ್ ಈಜು ಆಗಲೇ ಬರುತ್ತಿದ್ದರೆ 24 ವಾರ ಇಟ್ಟುಕೊಳ್ಳಿ. ಬರದಿದ್ದರೆ ಮೊದಲು ಅಷ್ಟನ್ನು ಸಾಧಿಸಿ, ಆ ದಿನಗಳನ್ನು ಲೆಕ್ಕಕ್ಕೆ ಸೇರಿಸಬೇಡಿ. ವಾರಕ್ಕೆ 5–6 ಗಂಟೆಯಿಂದ ಶುರು ಮಾಡಿ 10–11ಕ್ಕೆ ತನ್ನಿ. ಮೂರು ವಾರ ಏರಿಸಿ, ನಾಲ್ಕನೆಯ ವಾರ ಮೂರನೇ ಒಂದು ಭಾಗ ಇಳಿಸಿ. ದೂರದ ಓಟ, ದೂರದ ಸೈಕಲ್ ಎರಡನ್ನೂ ಒಂದೇ ವಾರ ಹೆಚ್ಚಿಸುವುದು ಬೇಡ.

ಈಜು ವಾರಕ್ಕೆ ಎರಡು ಸಲ ಸಾಕು, ಕೊಳದಲ್ಲಿ ಮಾತ್ರ. 25 ಮೀಟರ್ ಕೊಳವಾದರೆ ಪೂರ್ತಿ ದೂರಕ್ಕೆ 76 ಸಲ ಅಡ್ಡ ಹಾಯಬೇಕು. ಕಾವೇರಿಯಲ್ಲಾಗಲಿ ಹಾರಂಗಿ ಹಿನ್ನೀರಿನಲ್ಲಾಗಲಿ ಒಬ್ಬರೇ ಇಳಿಯುವ ಧೈರ್ಯ ಬೇಡ. ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳೆತ, ಕೆಸರು, ಮುಳುಗಿದ ಮರ ಇರಬಹುದು. ಸಮುದ್ರದಲ್ಲಿ ದಾರಿ ತೋರುವ ಗೆರೆ ಇರುವುದಿಲ್ಲ. ಆರೆಂಟು ಕೈಬೀಸಿಗೊಮ್ಮೆ ಕಣ್ಣಷ್ಟೇ ನೀರಿನಿಂದ ಮೇಲೆತ್ತಿ ಮುಂದೆ ನೋಡುವುದನ್ನು ಕೊಳದಲ್ಲೇ ರೂಢಿ ಮಾಡಿಕೊಳ್ಳಿ.

ಇನ್ನು ಸೈಕಲ್. ಮೊದಲು ಗೇರ್ ನೋಡಿ. ಮುಂದಿನ ಹಲ್ಲುಚಕ್ರಗಳಲ್ಲಿ 53–39 ಹಲ್ಲು, ಹಿಂದಿನವುಗಳಲ್ಲಿ 11–25 ಹಲ್ಲು ಇರುವ ಹಳೆಯ ರೋಡ್ ಬೈಕ್ ಅಗ್ಗಕ್ಕೆ ಸಿಕ್ಕಿತೆಂದು ತಂದವರು ಸುಂಟಿಕೊಪ್ಪದಿಂದ ಮಡಿಕೇರಿಗೆ ಹತ್ತುವಾಗ ಪಶ್ಚಾತ್ತಾಪ ಪಡುತ್ತಾರೆ. ಇಲ್ಲಿಗೆ ಮುಂದೆ 50–34, ಹಿಂದೆ 11–34 ಇರಲಿ. ಹಿಂದಿನ ಹಲ್ಲುಚಕ್ರಗಳ ಗೊಂಚಲು, ಅಂದರೆ ಕ್ಯಾಸೆಟ್ ಒಂದನ್ನೇ ಬದಲಿಸಿದರೆ ಸಾಲದು: ದೊಡ್ಡ ಹಲ್ಲುಚಕ್ರಕ್ಕೆ ಉದ್ದ ಕೇಜಿನ (ಚೈನ್ ಬಿಗಿ ಹಿಡಿಯುವ ತೋಳಿನ) ಡಿರೇಲರ್, ಅಂದರೆ ಚೈನನ್ನು ಚಕ್ರದಿಂದ ಚಕ್ರಕ್ಕೆ ಸರಿಸುವ ಭಾಗ, ಬೇಕಾಗಬಹುದು, ಚೈನೂ ಉದ್ದವಾಗಬೇಕು. ಚೈನ್ ಗಿಡ್ಡವಿದ್ದು ಮುಂದಿನ ದೊಡ್ಡ ಚಕ್ರಕ್ಕೂ ಹಿಂದಿನ ದೊಡ್ಡ ಚಕ್ರಕ್ಕೂ ಒಟ್ಟಿಗೆ ಹಾಕಿದರೆ ಡಿರೇಲರ್ ಕಿತ್ತು ಬರುತ್ತದೆ.

ಪೆಡಲು ನಿಮಿಷಕ್ಕೆ 75–85 ಸುತ್ತು ತಿರುಗಲಿ. 60ಕ್ಕಿಂತ ಕೆಳಗೆ ಒತ್ತಿ ತುಳಿದರೆ ಭಾರವೆಲ್ಲ ಮಂಡಿಚಿಪ್ಪಿನ ಮೇಲೆ. ಉಸಿರಿಗೆ ಅಳತೆ ಮಾತು: ಪಕ್ಕದವರ ಜತೆ ಪೂರ್ತಿ ವಾಕ್ಯ ಆಡಲು ಆಗದಿದ್ದರೆ ನೀವು ಜೋರಾಗಿದ್ದೀರಿ. 220ರಿಂದ ವಯಸ್ಸು ಕಳೆಯುವ ಹೃದಯ ಬಡಿತದ ಲೆಕ್ಕ ಒಬ್ಬೊಬ್ಬರಲ್ಲಿ ಹತ್ತು, ಅದಕ್ಕೂ ಹೆಚ್ಚು ಬಡಿತ ತಪ್ಪುತ್ತದೆ. ವಾಚಿಗಿಂತ ಮಾತನ್ನೇ ನಂಬಿ. ಮಾತು ನಿಂತರೆ ಗೇರ್ ಇಳಿಸಿ. ಇಳಿಸಲು ಗೇರ್ ಉಳಿದಿಲ್ಲವಾದರೆ ಸೈಕಲ್‌ನಿಂದ ಇಳಿದು ತಳ್ಳಿ, ನಾಚಿಕೆ ಬೇಡ.

ವಾರದ ದೂರದ ಸವಾರಿಯನ್ನು ಮನೆಯಿಂದ ಶುರು ಮಾಡಲೇಬೇಡಿ. ಸೈಕಲನ್ನು ಜೀಪಿಗೆ ಹಾಕಿ ಕುಶಾಲನಗರಕ್ಕೆ ಒಯ್ದು, ಅಲ್ಲಿಂದ ಬೈಲಕುಪ್ಪೆ, ಪಿರಿಯಾಪಟ್ಟಣ ದಾಟಿ ಹುಣಸೂರಿನ ಕಡೆ ಹೋಗಿ ಬನ್ನಿ. ಬಿಡದೆ ಒಂದೇ ಹದದಲ್ಲಿ ತುಳಿಯಲು ಆ ರಸ್ತೆಯಲ್ಲಿ ಸಾಧ್ಯ. ಮಡಿಕೇರಿಯಿಂದ ಇಳಿದುಹೋಗಿ ಮತ್ತೆ ಹತ್ತಿ ಬರುವುದು ಹುರುಪಿನ ಕೆಲಸವೇ, ಆದರೆ ದಣಿದ ಕಾಲಿಗೆ ಕೊನೆಯ 30 ಕಿ.ಮೀ. ಏರು ಸಿಕ್ಕಿ ಮುಂದಿನ ಮೂರು ದಿನದ ಅಭ್ಯಾಸ ಹಾಳು. ಏರಿನ ಅಭ್ಯಾಸಕ್ಕೆ ವಾರದ ನಡುವೆ ಒಂದು ದಿನ ಸಾಕು. ಸಿದ್ದಾಪುರ, ತಿತಿಮತಿ ಕಡೆ ಬೆಳಕು ಹರಿಯುವ ಮುನ್ನ ಹೊರಡಬೇಡಿ. ಆನೆ ರಸ್ತೆಯಲ್ಲೇ ಇರಬಹುದು, ಸೈಕಲ್‌ಗೆ ಸದ್ದಿಲ್ಲದ ಕಾರಣ ಎರಡೂ ಕಡೆಯವರಿಗೆ ಗೊತ್ತಾಗುವುದು ತೀರಾ ಹತ್ತಿರದಲ್ಲಿ.

ಇಳಿಜಾರಿನಲ್ಲಿ ಬ್ರೇಕನ್ನು ಉದ್ದಕ್ಕೂ ಹಿಡಿದೇ ಇರಬಾರದು, ರಿಮ್ ಕಾಯುತ್ತದೆ. ತಿರುವಿಗೆ ಮುಂಚೆ ಹಿಡಿದು, ತಿರುವಿನಲ್ಲಿ ಬಿಡಿ. ಒದ್ದೆ ರಿಮ್ ಬ್ರೇಕ್ ಹಿಡಿಯುವುದು ತಡವಾಗಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಪಾಚಿ ಕಟ್ಟಿದ ರಸ್ತೆಯಲ್ಲಿ ಸಾಹಸ ಬಿಟ್ಟು ಮನೆಯೊಳಗೆ ಟ್ರೈನರ್ (ಸೈಕಲನ್ನು ನಿಂತಲ್ಲೇ ತುಳಿಯಲು ಕೂರಿಸುವ ಸ್ಟ್ಯಾಂಡ್) ಮೇಲೆ ತುಳಿಯಿರಿ. ಚಕ್ರ ಉಜ್ಜುವ ಮಾದರಿಯಾದರೆ ಅದಕ್ಕೆಂದೇ ಹಳೆಯ ಟೈರೊಂದನ್ನು ಇಡಿ. ಸೀಟಿನ ಮೇಲೆ ಹಾಕುವ ಜೆಲ್ ಕವರ್ ಕೊಳ್ಳಬೇಡಿ, ಒಂದು ಗಂಟೆಗೆ ಸರಿದು ತೊಡೆ ಉಜ್ಜುತ್ತದೆ. ಪ್ಯಾಡ್ ಇರುವ ಚಡ್ಡಿ ಕೊಳ್ಳಿ, ಒಳಗೆ ಬೇರೇನೂ ಹಾಕಬೇಡಿ.

ದೂರದ ಸವಾರಿಯಲ್ಲಿ ಗಂಟೆಗೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಬೇಕು. ದುಬಾರಿ ಪುಡಿ ಏಕೆ? ಒಂದು ಲೀಟರ್ ನೀರಿಗೆ 60 ಗ್ರಾಂ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಅರ್ಧ ನಿಂಬೆ. ಹಸಿವಾಗುವ ತನಕ ಕಾಯದೆ 15 ನಿಮಿಷಕ್ಕೊಮ್ಮೆ ಗುಟುಕರಿಸಿ. ಹೊರಡುವ ಮುಂಚೆ ಎರಡು ಕಡಂಬುಟ್ಟು (ಅಕ್ಕಿ ಕಡುಬು), ಜೇನುತುಪ್ಪ. ಪಂದಿ ಕರಿ (ಹಂದಿ ಮಾಂಸದ ಸಾರು) ಮನೆಗೆ ಬಂದ ಮೇಲೆ.

ಓಟದಲ್ಲಿ ಹತ್ತುವುದಕ್ಕಿಂತ ಇಳಿಯುವುದೇ ತೊಡೆಯನ್ನು ಹೆಚ್ಚು ಒಡೆಯುತ್ತದೆ. ಇಳಿಜಾರಿನಲ್ಲಿ ಹೆಜ್ಜೆ ಗಿಡ್ಡ ಮಾಡಿ. ಹತ್ತನೆಯ ವಾರದಿಂದ ಸೈಕಲ್ ಇಳಿದ ತಕ್ಷಣ 15–20 ನಿಮಿಷ ನಿಧಾನವಾಗಿ ಓಡಿ. ಮೊದಲ ಐದು ನಿಮಿಷ ಕಾಲು ಮರಗಟ್ಟಿದಂತಿರುವುದು ಸಹಜ.

ಮಡಿಕೇರಿಯ ತಂಪಿಗೆ ಒಗ್ಗಿದ ಮೈ ಗೋವಾದ ಸೆಕೆಗೆ ಸೋಲುತ್ತದೆ. ಕೊನೆಯ ಎರಡು ವಾರ ಫ್ಯಾನ್ ಇಲ್ಲದ ಕೋಣೆಯಲ್ಲಿ 40–60 ನಿಮಿಷ ಹಗುರವಾಗಿ ಟ್ರೈನರ್ ತುಳಿದು ಬೆವರಿಗೆ ಒಗ್ಗಿಸಿ. ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ. ಉಳಿದ ಅಭ್ಯಾಸವನ್ನೆಲ್ಲ ಅದೇ ಎರಡು ವಾರದಲ್ಲಿ ಅರ್ಧಕ್ಕೆ ಇಳಿಸಿ, ಹೊಸ ಶೂ ತೊಡಬೇಡಿ.